ಕನ್ಫೆಷನ್‌ನಲ್ಲಿ ಒಂದು ಪಾಪ ಹೇಳ್ದೆ ಬಿಟ್ಟೆ, ಈಗ ನನಗೆ ಕ್ಷಮೆ ಸಿಕ್ಕಿದ್ಯಾ ಇಲ್ವಾ?

ಪ್ರಶ್ನೆ: ಹೋದ್ಸಲ ಪಾಪನಿವೇದನೆಗೆ (ಫಾದರ್ ಮುಂದೆ ಪಾಪ ಹೇಳ್ಕೊಂಡು ಕ್ಷಮೆ ಪಡೆಯೋ ಕನ್ಫೆಷನ್‌ಗೆ) ಹೋದಾಗ ಒಂದು ವಿಷಯ ಹೇಳಿಲ್ಲ. ಮರೆತೋಯ್ತಾ ಅಥ್ವಾ ನಾಚಿಕೆಗೆ ಬಿಟ್ಟುಬಿಟ್ನಾ ಅಂತ ಈಗ ನನಗೇ ಸರಿಯಾಗಿ ಹೇಳಕ್ಕಾಗ್ತಿಲ್ಲ. ಫಾದರ್ ಪಾಪವಿಮೋಚನೆ ಕೊಟ್ರು, ಆಮೇಲೆ ಪೂಜೆಯಲ್ಲಿ ಕೊಡೋ ಪರಮಪ್ರಸಾದನೂ (ಕಮ್ಯುನಿಯನ್) ತಗೊಂಡೆ. ಈಗ ಕ್ಷಮೆ ಸಿಕ್ಕಿದೆ ಅನ್ಕೋಬೇಕಾ, ಇಲ್ಲ ಅನ್ಕೋಬೇಕಾ?

ಉತ್ತರ: ಮರೆತಿದ್ರೆ ಸಿಕ್ಕಿದೆ. ಬೇಕಂತ್ಲೇ ಮುಚ್ಚಿಟ್ಟಿದ್ದು, ಅದೂ ದೊಡ್ಡ ಪಾಪ ಅಂತ ಗೊತ್ತಿದ್ದೂ ಮುಚ್ಚಿಟ್ಟಿದ್ದು ಆದ್ರೆ ಸಿಕ್ಕಿಲ್ಲ, ಆದ್ರೆ ಅದನ್ನ ಸರಿ ಮಾಡೋದು ನೀವು ಹೆದ್ರಿರೋದಕ್ಕಿಂತ ತುಂಬಾ ಸುಲಭ.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಬಂತು ಅಂದ್ರೆ ಸಾಕು, ಈ ಪ್ರಶ್ನೆ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಜ್ಞಾನೋಪದೇಶಕ್ಕೆ (ಚರ್ಚಿನ ಧರ್ಮಪಾಠಕ್ಕೆ) ಬರೋ ಮಕ್ಕಳಿಂದ ಹಿಡಿದು ಎಪ್ಪತ್ತು ದಾಟಿದ ಅಮ್ಮಂದಿರ ತನಕ, ಅದೂ ಎಲ್ರೂ ಹೋದ್ಮೇಲೆ ಒಬ್ರೇ ಉಳ್ಕೊಂಡು ಸಣ್ಣ ದನೀಲಿ ಕೇಳ್ತಾರೆ. ಆ ಸಣ್ಣ ದನಿ ನನಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ನಾನೂ ಸುಮಾರು ಆರು ವರ್ಷ ಇದೇ ಪ್ರಶ್ನೆ ಹೊಟ್ಟೇಲಿ ಇಟ್ಕೊಂಡು ಓಡಾಡಿದೀನಿ.

ಮೊದ್ಲು ಮರೆವಿನ ವಿಷಯ ಮುಗ್ಸೋಣ. ಕಥೋಲಿಕ ಬಿಷಪ್‌ಗಳ ಟ್ರೆಂಟ್ ಮಹಾಸಭೆ 1551ರಲ್ಲೇ ಇದನ್ನ ಸ್ಪಷ್ಟವಾಗಿ ಹೇಳಿದೆ: ಒಬ್ಬ ಮನುಷ್ಯ ತನ್ನ ಮನಸ್ಸನ್ನ ಪ್ರಾಮಾಣಿಕವಾಗಿ ಹುಡುಕಿ ನೋಡಿ, ನೆನಪಿಗೆ ಬಂದಿದ್ದನ್ನೆಲ್ಲ ಹೇಳಿದ್ರೆ, ನೆನಪಿಗೆ ಬರ್ದೇ ಇರೋ ಪಾಪಗಳೂ ಆ ನಿವೇದನೆಯಲ್ಲೇ ಸೇರ್ಕೊಂಡಿವೆ ಅಂತ ಅರ್ಥ. ಅಂದ್ರೆ ಫಾದರ್ ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನ್ನ ಪಾಪಗಳನ್ನ ಕ್ಷಮಿಸ್ತೀನಿ ಅಂದಾಗ ಆ ಮರೆತಿದ್ದೂ ಹೋಯ್ತು. ಮನೆಗೆ ಬಂದು ರಾತ್ರಿ ಮಲಗುವಾಗ ಅಯ್ಯೋ ಅದೊಂದು ಹೇಳ್ಲೇ ಇಲ್ವಲ್ಲ ಅಂತ ನೆನಪಾದ್ರೆ ಎದ್ದು ಕೂತು ಅಳೋದು ಬೇಡ, ಭಾನುವಾರ ಪ್ರಸಾದ ತಗೊಳ್ದೇ ಹಿಂದೆ ನಿಂತ್ಕೊಳೋದೂ ಬೇಡ. ಅದು ಗಂಭೀರವಾದ ಪಾಪ ಆಗಿದ್ರೆ ಮುಂದಿನ ಸಲ ಹೋದಾಗ 'ಹೋದ್ಸಲ ಇದು ಮರೆತಿದ್ದೆ' ಅಂತ ಒಂದು ಮಾತು ಸೇರ್ಸಿದ್ರೆ ಆಯ್ತು.

ಮುಚ್ಚಿಡೋದು ಬೇರೆ ಕಥೆ. ಟ್ರೆಂಟ್ ಮಹಾಸಭೆ ಇಲ್ಲಿ ಸಂತ ಜೆರೋಮ್ ಅವರ ಒಂದು ಹೋಲಿಕೆ ತಗೊಳ್ಳುತ್ತೆ, ರೋಗಿ ನಾಚ್ಕೊಂಡು ಗಾಯ ತೋರಿಸ್ದೇ ಇದ್ರೆ ವೈದ್ಯನಿಗೆ ಗೊತ್ತಿಲ್ಲದ ಗಾಯವನ್ನ ಔಷಧಿ ವಾಸಿ ಮಾಡಲ್ಲ ಅಂತ. ದೊಡ್ಡ ಪಾಪ ಅಂತ ಗೊತ್ತಿದ್ದು, ಹೇಳಬೇಕು ಅಂತಾನೂ ಗೊತ್ತಿದ್ದು, ಅದನ್ನ ಪಕ್ಕಕ್ಕೆ ಸರಿಸಿಟ್ಟು ಕೋಪ ಮಾಡ್ಕೊಂಡೆ, ಸುಳ್ಳು ಹೇಳ್ದೆ ಅಂತ ಸಣ್ಣಪುಟ್ಟದ್ದು ಮಾತ್ರ ಹೇಳಿ ಎದ್ದು ಬಂದ್ರೆ ಆ ನಿವೇದನೆ ನಿಲ್ಲಲ್ಲ, ಹೇಳಿದ ಬೇರೆ ಪಾಪಗಳಿಗೂ ಅದು ಲೆಕ್ಕಕ್ಕೆ ಬರಲ್ಲ. ಇದು ಕೇಳಕ್ಕೆ ಕಠೋರ ಅನ್ಸುತ್ತೆ, ನನಗೂ ಅನ್ಸಿತ್ತು. ಆದ್ರೆ ಯೋಚ್ನೆ ಮಾಡಿ ನೋಡಿ, ನಿಮ್ಮ ಹತ್ರ ಕ್ಷಮೆ ಕೇಳಕ್ಕೆ ಬಂದೋನು ಮುಖ್ಯವಾದ ವಿಷಯವನ್ನ ಜೇಬಲ್ಲೇ ಇಟ್ಕೊಂಡು ಬೇರೆಲ್ಲ ಮಾತಾಡಿ ಹೋದ್ರೆ ಅವ್ನು ಕ್ಷಮೆ ಕೇಳಿದ ಅಂತ ನೀವಾದ್ರೂ ಒಪ್ಕೊತೀರಾ?

ಈಗ ಮುಖ್ಯ ಮಾತು. ಹೇಳ್ಲೇಬೇಕು ಅಂತ ಧರ್ಮಸಭೆ (ಕಥೋಲಿಕ ಚರ್ಚ್) ಕಟ್ಟುನಿಟ್ಟಾಗಿ ಕೇಳೋದು ಮಾರಕ ಪಾಪಗಳನ್ನ, ಅಂದ್ರೆ ನಾನು ದೊಡ್ಡ ಪಾಪ ಅಂದಿದ್ದನ್ನ ಮಾತ್ರ. ಅದಕ್ಕೆ ಮೂರು ಷರತ್ತೂ ಒಟ್ಟಿಗೆ ಇರಬೇಕು: ವಿಷಯ ಗಂಭೀರವಾಗಿರಬೇಕು, ಇದು ಗಂಭೀರ ಅಂತ ಪೂರ್ತಿ ಗೊತ್ತಿರಬೇಕು, ಪೂರ್ತಿ ಮನಸ್ಸಿಟ್ಟು ಮಾಡಿರಬೇಕು. ಒಂದು ಇಲ್ಲ ಅಂದ್ರೂ ಅದು ಮಾರಕ ಪಾಪ ಆಗಲ್ಲ. ಲಘು ಪಾಪಗಳನ್ನ, ಅಂದ್ರೆ ಮಿಕ್ಕ ಸಣ್ಣ ಪಾಪಗಳನ್ನ ಹೇಳೋದು ಒಳ್ಳೇದು, ತುಂಬಾ ಒಳ್ಳೇದು, ಆದ್ರೆ ಕಡ್ಡಾಯ ಅಲ್ಲ, ಹಾಗಾಗಿ ಒಂದು ಲಘು ಪಾಪ ನಾಚಿಕೆಗೆ ಬಿಟ್ರೆ ನಿವೇದನೆ ಕೆಟ್ಟೋಗಲ್ಲ.

ಇದನ್ನ ನನಗೆ ಚಿಕ್ಕವನಿದ್ದಾಗ ಯಾರೂ ಬಿಡಿಸಿ ಹೇಳಿರಲಿಲ್ಲ. ನಾಲ್ಕನೇ ಕ್ಲಾಸಲ್ಲಿ ಮೊದಲ ಪರಮಪ್ರಸಾದಕ್ಕೆ ರೆಡಿ ಮಾಡ್ತಿದ್ದಾಗ ಅಜ್ಜಿಯ ಎಲೆಅಡಿಕೆ ಸಂಚಿಯಿಂದ ಐದು ರೂಪಾಯಿ ಎತ್ಕೊಂಡಿದ್ದೆ, ಅಜ್ಜಿ ಇಡೀ ದಿನ ಹುಡುಕಿದ್ರು, ಕೊನೆಗೆ ತಾನೇ ಎಲ್ಲೋ ಬೀಳಿಸ್ಕೊಂಡೆ ಅಂತ ಬೇಜಾರ್ ಮಾಡ್ಕೊಂಡ್ರು. ಮೊದಲ ಪಾಪನಿವೇದನೆಯಲ್ಲಿ ಅದೊಂದು ಬಿಟ್ಟು ಎಲ್ಲಾ ಹೇಳ್ದೆ, ಯಾಕಂದ್ರೆ ಆ ಕಡೆ ಕೂತಿದ್ದ ಫಾದರ್ ನಮ್ಮನೆಗೆ ಕಾಫಿಗೆ ಬರ್ತಿದ್ರು. ಅವತ್ತಿಂದ ಪ್ರತಿ ಭಾನುವಾರ ಪ್ರಸಾದದ ಸಾಲಲ್ಲಿ ನಿಂತಾಗ ಎದೆ ಡವಡವ ಅನ್ನೋದು. ಹತ್ತನೇ ಕ್ಲಾಸ್ ರಿಟ್ರೀಟಲ್ಲಿ (ಧ್ಯಾನಕೂಟದಲ್ಲಿ) ಬೇರೆ ಊರಿಂದ ಬಂದಿದ್ದ ಒಬ್ಬ ವಯಸ್ಸಾದ ಫಾದರ್ ಮುಂದೆ ಅಂತೂ ಬಾಯಿಬಿಟ್ಟೆ. ಅವರು ಎಷ್ಟು ರೂಪಾಯಿ ಅಂತ ಕೇಳಿದ್ರು, ಆಗ ನಿನಗೆ ಎಷ್ಟು ವಯಸ್ಸು ಅಂತ ಕೇಳಿದ್ರು, ಮಗು ಇದು ನಿನ್ನನ್ನ ದೇವರಿಂದ ದೂರ ಮಾಡೋ ಪಾಪ ಆಗಿರಲಿಲ್ಲ, ನಿನ್ನ ಯಾವ ಪ್ರಸಾದವೂ ವ್ಯರ್ಥ ಆಗಿಲ್ಲ ಅಂದ್ರು. ಪ್ರಾಯಶ್ಚಿತ್ತ ಅಂತ ಒಂದು ವಾರ ಅಜ್ಜಿ ಜೊತೆ ಕೂತು ಜಪಸರ (ರೋಸರಿ) ಹೇಳಕ್ಕೆ ಹೇಳಿದ್ರು, ಐದು ರೂಪಾಯಿ ವಾಪಸ್ ಸಂಚಿಗೆ ಹಾಕು ಅಂತಾನೂ ಹೇಳಿದ್ರು (ಕದ್ದಿದ್ದನ್ನ ಕೈಲಾದಷ್ಟು ಹಿಂದಿರುಗಿಸಬೇಕು, ಪಾಪ ಕ್ಷಮೆ ಆಯ್ತು ಅಂತ ಆ ಸಾಲ ತೀರಲ್ಲ). ಆರು ವರ್ಷದ ಭಯ ಹತ್ತು ನಿಮಿಷದಲ್ಲಿ ಹೋಯ್ತು. ಈಗ ನಾನು ಮಕ್ಕಳಿಗೆ ಪಾಠ ಮಾಡುವಾಗ ದೊಡ್ಡ ಪಾಪ ಸಣ್ಣ ಪಾಪದ ವ್ಯತ್ಯಾಸವನ್ನ ಅರ್ಜೆಂಟಲ್ಲಿ ದಾಟಿಸಲ್ಲ, ಎರಡು ಕ್ಲಾಸ್ ಆದ್ರೂ ಪರವಾಗಿಲ್ಲ ಅಂತ ಕೂತ್ಕೊತೀನಿ.

ಇನ್ನು ಕೆಲವರಿಗೆ ಉಲ್ಟಾ ಸಮಸ್ಯೆ. ಎಲ್ಲಾ ಹೇಳಿರ್ತಾರೆ, ಆದ್ರೂ ಸರಿಯಾಗಿ ಹೇಳಿದ್ನಾ, ಎಷ್ಟು ಸಲ ಅಂತ ಲೆಕ್ಕ ಕರೆಕ್ಟಾಗಿ ಕೊಟ್ನಾ ಅಂತ ಮತ್ತೆ ಮತ್ತೆ ಹೋಗ್ತಿರ್ತಾರೆ. ಸಂತ ಇಗ್ನೇಷಿಯಸ್ ಲೊಯೋಲಾ ಅವರಿಗೆ ಇದೇ ಆಗಿತ್ತು. ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ಮನಸ್ಸು ತಿರುಗಿದ ಸೈನಿಕ, 1522ರಲ್ಲಿ ಸ್ಪೇನಿನ ಮೊಂಟ್ಸೆರಾಟ್ ಮಠದಲ್ಲಿ ಇಡೀ ಜೀವನದ ಪಾಪಗಳನ್ನ ಬರೆದಿಟ್ಕೊಂಡು ಮೂರು ದಿನ ನಿವೇದನೆ ಮಾಡಿದ್ರು. ಅಷ್ಟಾದ್ರೂ ಸಮಾಧಾನ ಇಲ್ಲ. ಪಕ್ಕದ ಮನ್ರೇಸಾ ಊರಲ್ಲಿ ತಿಂಗಳುಗಟ್ಟಲೆ ಅದನ್ನೇ ಅಗೆದು ಅಗೆದು ಹೇಳ್ತಿದ್ರು, ಕೊನೆಗೆ ಅವರ ನಿವೇದನೆ ಕೇಳ್ತಿದ್ದ ಫಾದರ್ ತುಂಬಾ ಸ್ಪಷ್ಟವಾಗಿರೋದು ಬಿಟ್ಟು ಹಳೇದು ಏನೂ ಹೇಳ್ಬೇಡ ಅಂದ್ರು, ಆದ್ರೆ ಇವರಿಗೆ ಎಲ್ಲಾನೂ ಸ್ಪಷ್ಟವಾಗೇ ಕಾಣ್ತಿತ್ತು, ಹಾಗಾಗಿ ಆ ಮಾತಿಂದ ಏನೂ ಉಪಯೋಗ ಆಗ್ಲಿಲ್ಲ! ಜೀವ ತೆಕ್ಕೊಳೋ ಯೋಚ್ನೆ ತನಕ ಹೋಗಿತ್ತು ಆ ಸಂಕಟ. ಕೊನೆಗೆ ಹಳೇ ಪಾಪ ಇನ್ನು ಒಂದೂ ಹೇಳಲ್ಲ ಅಂತ ಗಟ್ಟಿ ಮಾಡ್ಕೊಂಡ ಮೇಲೇನೇ ಬಿಡುಗಡೆ ಸಿಕ್ಕಿದ್ದು. ಮಂಗಳೂರಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದ ಯೇಸುಸಭೆಯವರು (ಜೆಸ್ವಿಟರು) ಇದೇ ಇಗ್ನೇಷಿಯಸ್ ಕಟ್ಟಿದ ಸಭೆಯವರು. ನೀವು ಈ ತರದೋರಾದ್ರೆ ನಿವೇದನೆಗೆ ಒಬ್ಬರೇ ಫಾದರ್‌ನ ಆರಿಸ್ಕೊಳಿ, ಅವರು ಸಾಕು ಅಂದ್ರೆ ಸಾಕು, ಅವರ ಮಾತು ಕೇಳಿ. ಭಯ ದಿನವಿಡೀ ಬಿಡ್ತಾನೇ ಇಲ್ಲ ಅಂದ್ರೆ ಮನೋವೈದ್ಯರ ಹತ್ರಾನೂ ಹೋಗಿ, ಅದ್ರಲ್ಲಿ ನಂಬಿಕೆ ಕಮ್ಮಿ ಅಂತೇನಿಲ್ಲ.

ಮುಚ್ಚಿಡೋದಕ್ಕೆ ದೊಡ್ಡ ಕಾರಣ ಮಾತ್ರ ಒಂದೇ, ಫಾದರ್ ಏನನ್ಕೊತಾರೆ, ಯಾರಿಗಾದ್ರೂ ಹೇಳಿಬಿಟ್ರೆ? ಈ ಭಯವನ್ನ ಸುಮ್ನೆ ತಳ್ಳಿಹಾಕಬಾರದು. 2018ರಲ್ಲಿ ಕೇರಳದಲ್ಲಿ ಒಬ್ಬ ಮಹಿಳೆಯ ನಿವೇದನೆಯನ್ನ ಬಳಸ್ಕೊಂಡು ಪಾದ್ರಿಗಳು ಬ್ಲಾಕ್‌ಮೇಲ್ ಮಾಡಿದ್ರು ಅನ್ನೋ ಆರೋಪ ಬಂದು, ರಾಷ್ಟ್ರೀಯ ಮಹಿಳಾ ಆಯೋಗ ಈ ಪದ್ಧತೀನೇ ನಿಲ್ಲಿಸ್ಬೇಕು ಅಂತ ಶಿಫಾರಸು ಮಾಡಿತ್ತು. ಆ ಕೇಸು ಅಲ್ಲಿನ ಆರ್ಥೊಡಾಕ್ಸ್ ಸಭೆಗೆ ಸೇರಿದ್ದು, ಕಥೋಲಿಕ ಸಭೆದಲ್ಲ, ಆದ್ರೆ ಅದನ್ನ ಓದಿದ ನಮ್ಮ ಹೆಣ್ಮಕ್ಕಳಿಗೆ ಆದ ಗಾಬರಿ ನಿಜವಾದ್ದೇ. ಕಥೋಲಿಕ ಸಭೆಯ ಕಾನೂನು ಇದ್ರಲ್ಲಿ ಎಷ್ಟು ಬಿಗಿ ಅಂದ್ರೆ 1215ರ ಲ್ಯಾಟೆರನ್ ಮಹಾಸಭೆ ನಿವೇದನೆಯ ಗುಟ್ಟು ಹೊರಗೆ ಬಿಟ್ಟ ಪಾದ್ರಿಯನ್ನ ಪದವಿಯಿಂದ ತೆಗೆದು ಜೀವನ ಪೂರ್ತಿ ಮಠದಲ್ಲಿ ಪ್ರಾಯಶ್ಚಿತ್ತ ಮಾಡಿಸ್ಬೇಕು ಅಂದಿತ್ತು, ಈಗಿನ ಕಾನೂನಲ್ಲಿ ನೇರವಾಗಿ ಬಯಲು ಮಾಡಿದವನು ಆ ಕ್ಷಣದಲ್ಲೇ ಸಭೆಯಿಂದ ಬಹಿಷ್ಕೃತ, ಆ ಬಹಿಷ್ಕಾರ ತೆಗೆಯೋ ಅಧಿಕಾರ ರೋಮಿನದ್ದೇ. ಹೇಳೋದಿರಲಿ, ಕೇಳಿದ್ದನ್ನ ಇಟ್ಕೊಂಡು ನಿಮಗೆ ತೊಂದ್ರೆ ಆಗೋ ತರ ಯಾವ ತೀರ್ಮಾನಾನೂ ತಗೊಳ್ಳೋ ಹಾಗಿಲ್ಲ. ನಿಮ್ಮ ಜೊತೆ ಪಾಪದಲ್ಲಿ ಭಾಗಿ ಆದವರ ಹೆಸರನ್ನಂತೂ ಅವರು ಕೇಳ್ಲೇಬಾರದು, ಕೇಳಿದ್ರೆ ನೀವು ಹೇಳ್ಬೇಕಾಗಿಲ್ಲ, ಎದ್ದು ಬನ್ನಿ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನಿಮ್ಮ ಧರ್ಮಕೇಂದ್ರದ ಫಾದರ್ ಹತ್ರಾನೇ ಹೋಗ್ಬೇಕು ಅಂತ ಎಲ್ಲೂ ಇಲ್ಲ, ಇಷ್ಟ ಬಂದವರ ಹತ್ರ ಹೋಗೋ ಹಕ್ಕು ನಿಮಗಿದೆ, ಮುಖ ಕಾಣದ ಹಾಗೆ ಜಾಲರಿ ಹಿಂದೆ ಕೂತು ಹೇಳೋ ಹಕ್ಕೂ ಇದೆ. ಅದಕ್ಕೇ ಸೆಪ್ಟೆಂಬರಲ್ಲಿ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದ ಹಬ್ಬಕ್ಕೋ, ಜನವರೀಲಿ ಕಾರ್ಕಳದ ಅತ್ತೂರು ಜಾತ್ರೆಗೋ ಹೋದೋರು ಅಲ್ಲೇ ಕುಮ್ಸಾರ್ (ಕೊಂಕಣಿಯಲ್ಲಿ ಪಾಪನಿವೇದನೆ) ಮುಗಿಸ್ಕೊಂಡು ಬರ್ತಾರೆ, ಗುರುತಿಲ್ಲದ ಫಾದರ್ ಮುಂದೆ ಬಾಯಿ ಬಿಡೋದು ಸುಲಭ. ಇದ್ರಲ್ಲಿ ತಪ್ಪೇನೂ ಇಲ್ಲ. ಹೇಳುವಾಗ ಕಥೆ ಬೇಡ, ಏನು ಪಾಪ, ಸುಮಾರು ಎಷ್ಟು ಸಲ, ಇಷ್ಟು ಸಾಕು.

ಹಾಗಾದ್ರೆ ನಿಮ್ಮ ವಿಷಯಕ್ಕೆ ಬರ್ತೀನಿ. ಮರೆತಿದ್ದಾ ಮುಚ್ಚಿಟ್ಟಿದ್ದಾ ಅಂತ ಗೊತ್ತಾಗ್ತಿಲ್ಲ ಅಂದ್ರಲ್ಲ, ಆ ಡೌಟನ್ನೇ ಹಾಗೇ ಫಾದರ್ ಮುಂದೆ ಇಡಿ, ಒಬ್ರೇ ಕೂತು ಜಡ್ಜ್ ಆಗ್ಬೇಡಿ. ಇಲ್ಲ, ಗೊತ್ತಿದ್ದೇ ಮುಚ್ಚಿಟ್ಟಿದ್ದೆ ಅಂತ ಮನಸ್ಸಿಗೆ ಖಚಿತ ಇದ್ರೆ, ಕೊನೆಯ ಸಲ ಸರಿಯಾಗಿ ಮಾಡಿದ ನಿವೇದನೆಯಿಂದ ಈಚೆಗಿನ ದೊಡ್ಡ ಪಾಪಗಳನ್ನ ಮತ್ತೆ ಹೇಳ್ಬೇಕು, ಮುಚ್ಚಿಟ್ಟಿದ್ದನ್ನೂ ಹೇಳ್ಬೇಕು, ಹಾಗೇ ಪ್ರಸಾದ ತಗೊಂಡಿದ್ದನ್ನೂ ಹೇಳ್ಬೇಕು, ಅಲ್ಲೀ ತನಕ ಪ್ರಸಾದಕ್ಕೆ ಹೋಗ್ಬೇಡಿ. ಹೇಗೆ ಶುರು ಮಾಡೋದು ಅಂತ ಗೊತ್ತಾಗ್ದಿದ್ರೆ 'ಫಾದರ್, ಹಿಂದೆ ಒಂದು ಪಾಪ ಮುಚ್ಚಿಟ್ಟಿದೀನಿ, ಹೇಳಕ್ಕೆ ಭಯ ಆಗ್ತಿದೆ, ನೀವೇ ಕೇಳಿ' ಅಂದುಬಿಡಿ, ಮಿಕ್ಕಿದ್ದು ಅವರು ನಡೆಸ್ಕೊಂಡು ಹೋಗ್ತಾರೆ.

ಅಷ್ಟರೊಳಗೆ ಏನಾದ್ರೂ ಆಗಿ ಸತ್ತೋದ್ರೆ ಅಂತ ಕೇಳ್ತೀರಿ, ಎಲ್ರೂ ಕೇಳ್ತಾರೆ. ನರಕದ ಭಯಕ್ಕಿಂತ ದೇವರ ಮೇಲಿನ ಪ್ರೀತಿಯಿಂದಲೇ ಮನಸಾರೆ ಪಶ್ಚಾತ್ತಾಪ ಪಟ್ಟು, ಸಾಧ್ಯ ಆದ ಕೂಡ್ಲೇ ಪಾಪನಿವೇದನೆ ಮಾಡ್ತೀನಿ ಅಂತ ನಿಜವಾಗ್ಲೂ ತೀರ್ಮಾನ ಮಾಡಿದ್ರೆ ದೊಡ್ಡ ಪಾಪಾನೂ ಆಗಲೇ ಕ್ಷಮೆ ಆಗುತ್ತೆ. ಇದು ಧರ್ಮಸಭೆಯ ಹಳೇ ಬೋಧನೆ, 2020ರ ಮಾರ್ಚಲ್ಲಿ ಕೋವಿಡ್‌ಗೆ ಚರ್ಚುಗಳೆಲ್ಲ ಮುಚ್ಚಿದಾಗ ರೋಮ್ ಇದನ್ನೇ ಮತ್ತೆ ನೆನಪು ಮಾಡ್ಕೊಡ್ತು. ಹಾಗಾಗಿ ಇವತ್ತು ರಾತ್ರಿ ಪ್ರಾರ್ಥನೆ ಮಾಡಿ ಮಲ್ಕೊಳಿ.

ಒಂದು ಸಣ್ಣ ಸಲಹೆ, ಭಾನುವಾರ ಪೂಜೆಗೆ ಐದು ನಿಮಿಷ ಇದ್ದಾಗ ಹಿಂದೆ ಸಾಲು ಇರುತ್ತೆ, ಅಂಥ ಟೈಮಲ್ಲಿ ಹೋಗ್ಬೇಡಿ, ಅರ್ಜೆಂಟಲ್ಲಿ ಮತ್ತೆ ಮುಚ್ಚಿಡೋ ಆಸೆ ಬರುತ್ತೆ. ವಾರದ ಮಧ್ಯೆ ಯಾವ್ದಾದ್ರೂ ಚರ್ಚ್ ಆಫೀಸಿಗೆ ಫೋನ್ ಮಾಡಿ, ಕನ್ಫೆಷನ್‌ಗೆ ಅರ್ಧ ಗಂಟೆ ಬೇಕಿತ್ತು ಫಾದರ್ ಯಾವಾಗ ಸಿಗ್ತಾರೆ ಅಂತ ಕೇಳಿ, ಹೆಸರು ಹೇಳೋ ಅಗತ್ಯ ಕೂಡ ಇಲ್ಲ.