ಓದಲು ಬಾರದವರಿಗೆ ಪ್ರಾರ್ಥನಾ ಪುಸ್ತಕದಿಂದ ಏನಾಗಬೇಕಿತ್ತು?

ಓದುಗರ ಪ್ರಶ್ನೆ: 16ನೇ ಶತಮಾನದ ಇಂಗ್ಲೆಂಡಿನಲ್ಲಿ ಹೆಚ್ಚಿನ ಜನರಿಗೆ ಓದಲು ಬರುತ್ತಿರಲಿಲ್ಲ. ಹಾಗಾದರೆ ಪ್ರಾರ್ಥನಾ ಪುಸ್ತಕ ಪಾದ್ರಿಗಳಿಗೆ ಮಾತ್ರ ಬೇಕಾದದ್ದು ಅಲ್ವಾ?

ಓದುತ್ತಿದ್ದವರು ಪಾದ್ರಿಯೇ, ನಿಜ. ಆದರೆ ಜನ ಅದನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿಕೊಂಡಿದ್ದರು.

ಇಂಗ್ಲೆಂಡಿನ ಚರ್ಚುಗಳ ಆರಾಧನೆ ಹೇಗೆ ನಡೆಯಬೇಕು ಎಂದು ಹೇಳುವ ಈ ಪುಸ್ತಕದ ಹೆಸರು 'ಬುಕ್ ಆಫ್ ಕಾಮನ್ ಪ್ರೇಯರ್'. ಅದು ಮೊದಲು ಬಂದದ್ದು 1549ರಲ್ಲಿ. ಆಗ ಬಾಲಕ ದೊರೆ ಆರನೇ ಎಡ್ವರ್ಡ್ ಪಟ್ಟದಲ್ಲಿದ್ದ. ಪುಸ್ತಕದ ಮುಖ್ಯ ಕರ್ತೃ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್. ಅಲ್ಲಿಯವರೆಗೆ ಲ್ಯಾಟಿನ್‌ನಲ್ಲಿದ್ದ ಆರಾಧನೆ ಇಂಗ್ಲಿಷಿಗೆ ಬಂತು. 1559ರಲ್ಲಿ ರಾಣಿ ಎಲಿಜಬೆತ್ ಕಾಲದ ಕಾಯ್ದೆ ಇನ್ನೂ ಬಿಗಿಯಾಯಿತು: ಭಾನುವಾರ ಚರ್ಚಿಗೆ ಬಾರದಿದ್ದರೆ 12 ಪೆನ್ಸ್ ದಂಡ. ಕೂಲಿಯವನಿಗೆ ಅದು ಸಣ್ಣ ಮೊತ್ತವಲ್ಲ. ಹೀಗೆ ವಾರ ವಾರವೂ ಅದೇ ಪಾಪನಿವೇದನೆ, ಅದೇ ಪ್ರಾರ್ಥನೆ. ಮಕ್ಕಳಿಗೆ ಪ್ರಶ್ನೋತ್ತರದ ಪಾಠ ಬೇರೆ. ವರ್ಷಗಟ್ಟಲೆ ಕೇಳಿದರೆ ಯಾರಿಗೆ ತಾನೇ ಬಾಯಿಗೆ ಬರುವುದಿಲ್ಲ?

ಮನೆಯ ಬದುಕಿನೊಳಗೂ ಈ ಪುಸ್ತಕ ಬಂದಿತ್ತು. ಮಗುವಿನ ದೀಕ್ಷಾಸ್ನಾನ, ಮದುವೆಯಲ್ಲಿ ಗಂಡು ಹೆಣ್ಣು ಹೇಳುವ ಮಾತು, ಮಣ್ಣು ಹಾಕುವಾಗಿನ ಪ್ರಾರ್ಥನೆ, ಎಲ್ಲವೂ ಅದರಲ್ಲಿದ್ದವು. ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸುವುದು ಬಾಣಂತಿಯರ ವಿಧಿ. ಹೆರಿಗೆಯಾಗಿ ಸುಮಾರು ಒಂದು ತಿಂಗಳಿಗೆ ತಾಯಿ ಚರ್ಚಿಗೆ ಬಂದು ದೇವರಿಗೆ ಕೃತಜ್ಞತೆ ಹೇಳುತ್ತಿದ್ದಳು. ಹೆರಿಗೆಯಲ್ಲಿ ಜೀವ ಹೋಗುವ ಭಯ ಜಾಸ್ತಿ ಇದ್ದ ಕಾಲ ಅದು. ನೆರೆಯ ಹೆಂಗಸರೂ ಜೊತೆಗೆ ಬರುತ್ತಿದ್ದರು, ಆಮೇಲೆ ಊಟ, ಮಾತುಕತೆ. ಇದು ಹಳೆಯ ಮೂಢನಂಬಿಕೆ ಎಂದು ಪ್ಯೂರಿಟನ್ನರು, ಅಂದರೆ ಚರ್ಚಿನಲ್ಲಿ ಉಳಿದಿದ್ದ ಹಳೆಯ ಕ್ಯಾಥೊಲಿಕ್ ಆಚರಣೆಗಳನ್ನು ತೆಗೆಯಬೇಕು ಎನ್ನುತ್ತಿದ್ದ ಕಟ್ಟುನಿಟ್ಟಿನ ಸುಧಾರಕರು, ತಕರಾರು ತೆಗೆದರು. ಎಷ್ಟೋ ಹೆಂಗಸರು ಮಾತ್ರ ಅದನ್ನು ಬಿಡಲಿಲ್ಲ. ಬದುಕಿ ಉಳಿದ ಸಂತೋಷವನ್ನು ಊರಿನ ಎದುರು ಹೇಳಿಕೊಳ್ಳಲು ಅವರಿಗೆ ಸಿಕ್ಕ ಜಾಗ ಅದು.

ಜನ ಮೊದಲಿನಿಂದಲೂ ಇದನ್ನು ಒಪ್ಪಿಕೊಂಡಿದ್ದರು ಅಂತಲ್ಲ. 1549ರಲ್ಲೇ ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಮತ್ತು ಕಾರ್ನ್‌ವಾಲ್‌ನಲ್ಲಿ ದಂಗೆ ಎದ್ದಿತು. ಹೊಸ ಆರಾಧನೆ ಕ್ರಿಸ್‌ಮಸ್ ಆಟದಂತಿದೆ ಎಂದು ದಂಗೆಕೋರರು ಬೇಡಿಕೆ ಪತ್ರದಲ್ಲೇ ಬರೆದರು. ಕಾರ್ನ್‌ವಾಲಿನ ಕೆಲವರಿಗೆ ಇಂಗ್ಲಿಷೇ ಬರುತ್ತಿರಲಿಲ್ಲ. ದಂಗೆಯನ್ನು ಅಡಗಿಸುವಾಗ ಸಾವಿರಾರು ಜನ ಸತ್ತರು. ವೇಲ್ಸ್‌ನವರಿಗೆ ಅವರದೇ ಭಾಷೆಯ ಪುಸ್ತಕ 1567ರಲ್ಲಿ ಸಿಕ್ಕಿತು. ಕಾರ್ನ್‌ವಾಲಿಗೆ ಆ ಭಾಗ್ಯ ಬರಲಿಲ್ಲ.

ಸುಮಾರು ನೂರು ವರ್ಷ ಕಳೆದ ಮೇಲೆ ಪರಿಸ್ಥಿತಿ ತಿರುಗಿತು. ದೊರೆ ಮತ್ತು ಸಂಸತ್ತಿನ ನಡುವಿನ ಅಂತರ್ಯುದ್ಧದ ಕಾಲದಲ್ಲಿ, 1645ರಲ್ಲಿ ಸಂಸತ್ತು ಈ ಪುಸ್ತಕವನ್ನೇ ನಿಷೇಧಿಸಿತು. ಮನೆಯೊಳಗೆ ಬಳಸಿದರೂ ಮೊದಲ ಸಲ 5 ಪೌಂಡ್ ದಂಡ, ಎರಡನೇ ಸಲ 10 ಪೌಂಡ್, ಮೂರನೇ ಸಲ ಒಂದು ವರ್ಷ ಜೈಲು. ಆದರೂ ಗುಟ್ಟಾಗಿ ಬಳಸುವವರು ಇದ್ದೇ ಇದ್ದರು. 1657ರ ಕ್ರಿಸ್‌ಮಸ್ ದಿನ ಲಂಡನ್ನಿನ ಒಂದು ಪ್ರಾರ್ಥನಾ ಮಂದಿರವನ್ನು ಸೈನಿಕರು ಸುತ್ತುವರಿದರು. ಪ್ರಭುಭೋಜನ (ಯೇಸುವಿನ ನೆನಪಿಗೆ ಕೊಡುವ ರೊಟ್ಟಿ, ದ್ರಾಕ್ಷಾರಸ) ಸ್ವೀಕರಿಸಲು ಮುಂದೆ ಹೋದವರತ್ತ ಬಂದೂಕು ತೋರಿಸಿದರು. ಅಲ್ಲೇ ಇದ್ದ ಲೇಖಕ ಜಾನ್ ಈವ್ಲಿನ್ ಇದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅಂತರ್ಯುದ್ಧದ ನಂತರ ರದ್ದಾಗಿದ್ದ ಅರಸೊತ್ತಿಗೆ ಮರಳಿದ ಮೇಲೆ, 1662ರಲ್ಲಿ, ಪುಸ್ತಕವನ್ನು ಪರಿಷ್ಕರಿಸಿ ಮತ್ತೆ ಜಾರಿಗೆ ತಂದರು.