ಹವಾಮಾನ ನೀತಿ: ಸರ್ಕಾರದ ಹೊಣೆ ಎಲ್ಲಿಂದ ಎಲ್ಲಿಯವರೆಗೆ?

ಪರೀಕ್ಷೆಗೆ ಓದುವ ನಮಗೆ ಹವಾಮಾನ ಬದಲಾವಣೆ ಎಂದೊಡನೆ ನೆನಪಾಗುವುದು ಗುರಿಗಳ ಪಟ್ಟಿ: 2008ರ ರಾಷ್ಟ್ರೀಯ ಕ್ರಿಯಾ ಯೋಜನೆಯ ಎಂಟು ಮಿಷನ್‌ಗಳು, ಜಿಡಿಪಿಯ ಹೊರಸೂಸುವಿಕೆ ತೀವ್ರತೆಯನ್ನು (ಪ್ರತಿ ರೂಪಾಯಿ ಉತ್ಪಾದನೆಗೆ ಹೊರಬೀಳುವ ಹಸಿರುಮನೆ ಅನಿಲದ ಪ್ರಮಾಣವನ್ನು) 2030ರೊಳಗೆ 2005ರ ಮಟ್ಟಕ್ಕಿಂತ ಶೇ 45ರಷ್ಟು ತಗ್ಗಿಸುವ ವಾಗ್ದಾನ, 2070ರ ನಿವ್ವಳ ಶೂನ್ಯ, ಅಂದರೆ ಹೊರಬಿಟ್ಟಷ್ಟು ಅನಿಲವನ್ನು ಹೀರಿಕೊಳ್ಳುವ ಸ್ಥಿತಿ. ಇವನ್ನು ಬರೆದರೆ ಅಂಕ ಸಿಗುತ್ತದೆ, ನಿಜ. ಆದರೆ ಹೊಣೆ ತಪ್ಪಿದಾಗ ಯಾವ ಸರ್ಕಾರವನ್ನು ಯಾವ ಕಾನೂನಿನಡಿ ಕೇಳಬೇಕು ಎಂಬ ಪ್ರಶ್ನೆಗೆ ಈ ಪಟ್ಟಿಯಲ್ಲಿ ಉತ್ತರವಿಲ್ಲ, ಏಕೆಂದರೆ ನಮ್ಮಲ್ಲಿ ಹವಾಮಾನ ಬದಲಾವಣೆಗೆಂದೇ ರೂಪಿಸಿದ ಸಮಗ್ರ ಕಾಯ್ದೆ ಇಲ್ಲ. ಹೀಗಾಗಿ ಹೊಣೆಯನ್ನು ಸಂವಿಧಾನದಲ್ಲಿಯೂ ವಿಪತ್ತು ನಿರ್ವಹಣೆಯ ನಿಯಮಗಳಲ್ಲಿಯೂ ಹುಡುಕಬೇಕಾಗುತ್ತದೆ.

1976ರ 42ನೇ ತಿದ್ದುಪಡಿಯು ಪರಿಸರ ರಕ್ಷಣೆಯನ್ನು ರಾಜ್ಯದ ಕರ್ತವ್ಯವನ್ನಾಗಿ 48ಎ ವಿಧಿಯಲ್ಲಿ, ನಾಗರಿಕನ ಕರ್ತವ್ಯವನ್ನಾಗಿ 51ಎ(ಜಿ) ವಿಧಿಯಲ್ಲಿ ಸೇರಿಸಿತು. ಮೊದಲನೆಯದು ನಿರ್ದೇಶಕ ತತ್ತ್ವವಾದ್ದರಿಂದ ಅದೊಂದನ್ನೇ ಹಿಡಿದು ನ್ಯಾಯಾಲಯದ ಮೆಟ್ಟಿಲೇರಲಾಗದು. ಈ ಕೊರತೆಯನ್ನು ಒಂದು ಮಟ್ಟಿಗೆ ತುಂಬಿದ್ದು 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ನೀಡಿದ ಎಂ.ಕೆ. ರಂಜಿತ್‌ಸಿಂಹ್ ಪ್ರಕರಣದ ತೀರ್ಪು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ಸಮಾನತೆಯ 14 ಮತ್ತು ಜೀವಿಸುವ ಹಕ್ಕಿನ 21ನೇ ವಿಧಿಗಳಿಂದಲೇ ಹೊಮ್ಮುತ್ತದೆ ಎಂದು ನ್ಯಾಯಾಲಯ ಅದರಲ್ಲಿ ಹೇಳಿತು.

ಈ ಪ್ರಕರಣದ ಹಿನ್ನೆಲೆಯನ್ನು ಓದದೆ ತೀರ್ಪಿನ ಒಂದು ಸಾಲನ್ನಷ್ಟೇ ಉರುಹೊಡೆದರೆ ಮೋಸಹೋಗುತ್ತೇವೆ. ಅಳಿವಿನಂಚಿನಲ್ಲಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯನ್ನು (ನಮ್ಮ ಸಿರುಗುಪ್ಪದ ಕಡೆ ಇದನ್ನು ಎರ್ಲಡ್ಡು ಎನ್ನುವುದುಂಟು) ಉಳಿಸಲು ರಾಜಸ್ಥಾನ ಮತ್ತು ಗುಜರಾತಿನ ವಿದ್ಯುತ್ ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ಆದೇಶವಾಗಿತ್ತು. ಸೌರ ವಿದ್ಯುತ್ತಿನ ಗುರಿಗೆ ಅಡ್ಡಿಯಾಗುತ್ತದೆಂದು ಅದರ ಮಾರ್ಪಾಡು ಕೋರಿದ್ದು ಕೇಂದ್ರ ಸರ್ಕಾರ. ಅಂದರೆ ಹವಾಮಾನದ ಹಕ್ಕು ಇಲ್ಲಿ ಮೂಡಿದ್ದು ಸರ್ಕಾರದ ವಿರುದ್ಧ ಗೆದ್ದ ನಾಗರಿಕನ ಅರ್ಜಿಯಿಂದಲ್ಲ. ಸರ್ಕಾರಕ್ಕೆ ಅನುಕೂಲವಾದ ಆದೇಶದೊಳಗೆ. ನೆದರ್‌ಲೆಂಡ್ಸ್‌ನ ಉರ್ಗೆಂಡಾ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ, 2020ರ ಅಂತ್ಯದೊಳಗೆ ಹೊರಸೂಸುವಿಕೆಯನ್ನು 1990ರ ಮಟ್ಟಕ್ಕಿಂತ ಕನಿಷ್ಠ ಶೇ 25ರಷ್ಟು ಇಳಿಸಲೇಬೇಕೆಂಬ ಆದೇಶವನ್ನು ಎತ್ತಿಹಿಡಿದಿತ್ತು. ನಮ್ಮ ತೀರ್ಪಿನಲ್ಲಿ ಹಕ್ಕು ಇದೆ, ಅಂಥ ಗಡುವು ಇಲ್ಲ.

ಹವಾಮಾನದ ಆ ಹಕ್ಕು ನೆಲದ ಮೇಲೆ ಏನಾಗುತ್ತದೆ ಎಂಬುದನ್ನು ಕರ್ನಾಟಕದ 2023ರ ಬರದಲ್ಲಿ ನೋಡಬಹುದು. ಪೆಸಿಫಿಕ್ ಸಾಗರ ಬಿಸಿಯೇರಿ ಮುಂಗಾರು ಕುಗ್ಗುವ ಎಲ್ ನಿನೊ ವರ್ಷದ ಒಂದು ಬರವನ್ನು ಪೂರ್ತಿಯಾಗಿ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ತಪ್ಪು. ಆದರೆ ಹೊರಸೂಸುವಿಕೆ ತಗ್ಗಿಸುವುದು ಹವಾಮಾನ ನೀತಿಯ ಒಂದರ್ಧವಾದರೆ, ಇಂಥ ವರ್ಷಗಳಿಗೆ ಸಜ್ಜಾಗುವ ಹೊಂದಾಣಿಕೆ ಇನ್ನೊಂದರ್ಧ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಕೇಂದ್ರದ ರಾಷ್ಟ್ರೀಯ ವಿಪತ್ತು ಸ್ಪಂದನಾ ನಿಧಿಯಿಂದ 18,171 ಕೋಟಿ ರೂಪಾಯಿ ಕೇಳಿದ ರಾಜ್ಯ, ತಿಂಗಳುಗಟ್ಟಲೆ ಕಾದು, ಮೇಲಿನ ತೀರ್ಪು ಬಂದ ಅದೇ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿಯಲ್ಲಿ ಆಧಾರವಾಗಿ ತೋರಿಸಿದ್ದೂ ಜನರ 14 ಮತ್ತು 21ನೇ ವಿಧಿಗಳ ಹಕ್ಕನ್ನೇ. ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಕೇಳಿದ್ದು ಹೆಚ್ಚೋ ಕೊಟ್ಟಿದ್ದು ಕಡಿಮೆಯೋ ಎಂಬ ರಾಜಕೀಯ ಜಗಳಕ್ಕಿಂತ, ಮುಂಗಾರಿನಲ್ಲಿ ಹೋದ ಬೆಳೆಯ ಹಣ ಮುಂದಿನ ಬಿತ್ತನೆಯ ಹೊಸ್ತಿಲಿಗೆ ಬಂದಿತೆಂಬುದೇ ಓದುಗರಾದ ನಮಗೆ ಮುಖ್ಯವಾಗಬೇಕು.

ಇನ್ನು ಮೊತ್ತದ ಲೆಕ್ಕ. ಆ ಬರದಲ್ಲಿ ಮಳೆಯಾಶ್ರಿತ ಬೆಳೆಗೆ ನಿಗದಿಯಾಗಿದ್ದ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಗರಿಷ್ಠ ಎರಡು ಹೆಕ್ಟೇರಿಗೆ. ಹೆಕ್ಟೇರ್ ಎಂದರೆ ಎರಡೂವರೆ ಎಕರೆಗೆ ತುಸು ಕಡಿಮೆಯಾದ್ದರಿಂದ ಎಕರೆಗೆ ಸುಮಾರು 3,440, ಗುಂಟೆಗೆ 86 ರೂಪಾಯಿಯಾಯಿತು. ಇದನ್ನು ಬೆಳೆಯ ಬೆಲೆಯೆಂದು ತಿಳಿಯಬಾರದು. ಇದಕ್ಕಿರುವ ಹೆಸರೇ ಇನ್‌ಪುಟ್ ಸಬ್ಸಿಡಿ, ಅಂದರೆ ಬೀಜ ಗೊಬ್ಬರಕ್ಕೆ ಹಾಕಿದ ಖರ್ಚಿಗೆ ಒಂದು ನೆರವು.

ಕೇಂದ್ರದತ್ತ ಬೆರಳು ತೋರಿದಷ್ಟಕ್ಕೆ ರಾಜ್ಯದ ಪಾಲಿನ ಹೊಣೆ ತೀರುವುದಿಲ್ಲ. ಇಲ್ಲಿ ಪರಿಹಾರ ಲೆಕ್ಕವಾಗುವುದು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆಗೆ ಜೋಡಣೆಯಾದ ಜಮೀನಿನ ಮೇಲೆ. ಮೂರು ಸರ್ವೆ ನಂಬರಿನಲ್ಲಿ ಹೊಲವಿದ್ದು ಒಂದನ್ನಷ್ಟೇ ಜೋಡಿಸಿದ್ದರೆ ಹಣ ಬರುವುದು ಆ ಒಂದಕ್ಕೆ. ತಂದೆಯ ಹೆಸರಿನಲ್ಲಿಯೇ ಪಹಣಿ ಉಳಿದ ಮಕ್ಕಳೂ, ಪಹಣಿಯಲ್ಲಿ ಹೆಸರೇ ಇಲ್ಲದೆ ಬೇರೆಯವರ ಹೊಲವನ್ನು ಕೋರಿಗೆ (ಪಾಲಿಗೆ) ಉಳುವವರೂ ಈ ಲೆಕ್ಕದಿಂದ ಹೊರಗುಳಿಯುತ್ತಾರೆ. ಇದನ್ನು ಸರಿಪಡಿಸಲು ಪ್ಯಾರಿಸ್ ಹವಾಮಾನ ಒಪ್ಪಂದವೂ ಬೇಡ, ದೆಹಲಿಯ ಅನುಮತಿಯೂ ಬೇಡ. ಭೂದಾಖಲೆ ರಾಜ್ಯಪಟ್ಟಿಯ ವಿಷಯ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಕೊಡಬೇಕಾದದ್ದು ತಾಲ್ಲೂಕಿನ ಕಂದಾಯ ಇಲಾಖೆ.