ಕೊಳೆ ಔಷಧಿಯ ಡ್ರಮ್ಮಿನಲ್ಲಿ ಕೆಮಿಸ್ಟ್ರಿ

ಪಿಯುಸಿ ಮಕ್ಕಳಿಗೆ ರಾಸಾಯನಿಕ ಕ್ರಿಯೆಯ ಪಾಠವನ್ನು ನಾನು ಬೋರ್ಡೋ ದ್ರಾವಣದಿಂದಲೇ, ಅಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯಿಂದಲೇ, ಶುರು ಮಾಡುತ್ತೇನೆ. ತೀರ್ಥಹಳ್ಳಿ ಕಡೆಯ ಮಕ್ಕಳಲ್ವಾ, ಸುಮಾರು ಜನರ ಮನೆಯಲ್ಲಿ ಅಡಿಕೆ ತೋಟ ಇರುತ್ತದೆ. ಜೂನ್‌ನಲ್ಲಿ ಕ್ಲಾಸು ಶುರುವಾಗುವ ಹೊತ್ತಿಗೆ ಕೊಳೆ ಔಷಧಿ ಹೊಡೆಯುವ ಗಡಿಬಿಡಿಯೂ ಶುರು. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗೆಂದು ಹೇಳಿಕೊಟ್ಟ ಮದ್ದು ಇದು. ನಮ್ಮ ಅಡಿಕೆಗೆ ಅದನ್ನು ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್.

ಅಳತೆ ಮಕ್ಕಳಿಗೇ ಬಾಯಿಪಾಠ: 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು.

ಸುಣ್ಣ ಮಾಡುವ ಕರಾವಳಿಯ ಚಿಪ್ಪಾಗಲಿ, ಸುಣ್ಣದ ಕಲ್ಲಾಗಲಿ, ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ. ಗೂಡಿನಲ್ಲಿ ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಇದು ವಿಭಜನೆ. ಆ ಸುಣ್ಣಕ್ಕೆ ನೀರು ಹಾಕಿ ನೋಡಿ. ಸ್ವಲ್ಪ ಹೊತ್ತು ಸುಮ್ನೆ ಕೂತಿರುತ್ತದೆ. ಆಮೇಲೆ ಬಿರುಕು ಬಿಟ್ಟು, ಬುಸುಗುಟ್ಟಿ, ಅರಳಿ, ಕೊತಕೊತ ಕುದಿಯುತ್ತದೆ. ಒಲೆಯಿಲ್ಲ, ಬೆಂಕಿಯಿಲ್ಲ. ಎರಡು ಸೇರಿ ಒಂದಾಗುವ ಸಂಯೋಗ ಇದು, ಆಗ ಹೊರಬಿದ್ದ ಶಾಖವೇ ನೀರನ್ನು ಕುದಿಸುವುದು. ಬಗ್ಗಿ ನೋಡಬೇಡಿ, ಕಣ್ಣಿಗೆ ಸಿಡಿದರೆ ಕಷ್ಟ.

ತಣಿದ ಮೇಲೆ ಸೋಸಿದ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಸುರಿಯಬೇಕು. ಡ್ರಮ್ಮು ತುಂಬ ತಿಳಿನೀಲಿ. ತಾಮ್ರ, ಕ್ಯಾಲ್ಸಿಯಂ ಎರಡೂ ತಮ್ಮ ಜೋಡಿ ಅದಲುಬದಲು ಮಾಡಿಕೊಂಡವು. ಇದೇ ದ್ವಿಸ್ಥಾನಪಲ್ಲಟ. ಪುಸ್ತಕದಲ್ಲಿ ತಾಮ್ರದ ಹೈಡ್ರಾಕ್ಸೈಡ್ ಎಂದು ಬರೆದು ಮುಗಿಸುತ್ತೇವೆ, ಡ್ರಮ್ಮಿನೊಳಗಿನ ಕಥೆ ಅದಕ್ಕಿಂತ ಗೋಜಲು. ಹೇಗೂ ಇರಲಿ, ಅಡಿಕೆ ಗೊನೆಗೆ ಅಂಟಿಕೊಂಡು ಮಳೆಗೆ ಸುಲಭಕ್ಕೆ ತೊಳೆದುಹೋಗದೆ ನಿಲ್ಲುವುದು ಈ ನೀಲಿ ಗಸಿಯೇ.

ಸ್ಥಾನಪಲ್ಲಟ ಮಾತ್ರ ನನಗೆ ಅರ್ಥವಾದದ್ದು ಅಪ್ಪಯ್ಯನ ಕತ್ತಿಯಿಂದ. ಒಂದು ವರ್ಷ ಔಷಧಿ ಕೂಡಿಸಿ, ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ಎತ್ತಿದರು. ಅಲಗಿನ ಮೇಲೆ ಕೆಂಪು ಪೊರೆ! "ಸುಣ್ಣ ಸಾಲ್ದು ಮಾರಾಯ, ಹಿಂಗೇ ಹೊಡೆದ್ರೆ ಗೊನೆ ಸುಟ್ಟೋಗ್ತದೆ" ಅಂದರು. ಸುಣ್ಣಕ್ಕೆ ಸಿಗದೆ ಉಳಿದ ತಾಮ್ರವನ್ನು ಕಬ್ಬಿಣ ಹೊರತಳ್ಳಿ ಆ ಜಾಗದಲ್ಲಿ ತಾನು ಕೂತಿತ್ತು. ಹೊರಬಿದ್ದ ತಾಮ್ರ ಅಲಗಿಗೆ ಮೆತ್ತಿಕೊಂಡಿತ್ತು. ಕಬ್ಬಿಣದ ಬಕೆಟ್ಟಿನಲ್ಲಿ ಮೈಲುತುತ್ತ ಕರಗಿಸಬಾರದು ಅನ್ನುವುದೂ ಇದಕ್ಕೇ.

ಅಳತೆ ಸರಿಯಿದ್ದೂ ಸುಣ್ಣ ಯಾಕೆ ಸಾಲಲಿಲ್ಲ? ಚೀಲ ಹಿಂದಿನ ವರ್ಷದ್ದು, ಬಾಯಿ ಸರಿಯಾಗಿ ಕಟ್ಟಿರಲಿಲ್ಲ. ಮಲೆನಾಡಿನ ಥಂಡಿಗೆ ಅರಳಿ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಜಾಸ್ತಿ ಪಾಲು ಮತ್ತೆ ಕಾರ್ಬೊನೇಟ್ ಆಗಿತ್ತು. ಪಕ್ಕದ ಮನೆಯಿಂದ ಹೊಸ ಸುಣ್ಣ ತಂದು, ಅರಳಿಸಿ ಸೇರಿಸಿದೆವು. ಕತ್ತಿಯನ್ನು ಬೂದಿಯಲ್ಲಿ ಉಜ್ಜಿ ಮತ್ತೆ ಅದ್ದಿದರು. ಈ ಸಲ ಅಲಗು ಬೆಳ್ಳಗೇ ಬಂತು.